“ಮನೆ ಇನ್ನೂ ಇದೆಯಾ?”

ಜಾಹೀರಾತು ಹಾಕಿದ್ದು ಒಂದು ಶುಕ್ರವಾರ ರಾತ್ರಿ ಎಂಟು ಗಂಟೆಗೆ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ 43 ಮೆಸೇಜು. ಖುಷಿಯಿಂದ ಒಂದೊಂದೇ ತೆರೆದೆ. “ಮನೆ ಇನ್ನೂ ಇದೆಯಾ?” “ಇದೆಯಾ?” “ಲಾಸ್ಟ್ ಎಷ್ಟು?” “ಲೊಕೇಶನ್ ಕಳ್ಸಿ.” “ಹಾಯ್.” ಮೂವತ್ತಕ್ಕೂ ಜಾಸ್ತಿ ಜನ ಕೇಳಿದ್ದು ಇಷ್ಟನ್ನೇ.

ನಾವು ಹನ್ನೊಂದು ವರ್ಷ ಇದ್ದ ಮನೆ ಅದು. ಬ್ರೋಕರ್ ಹಿಡಿಯದೆ ನಾವೇ ಮಾರೋಣ ಅಂತ ಗಂಡ ಹೆಂಡತಿ ಕೂತು ತೀರ್ಮಾನ ಮಾಡಿದ್ದೆವು. ಕಮಿಷನ್ ಉಳಿಯುತ್ತೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಇನ್ನೂ ಮುಖ್ಯ. ಆ ಮನೆ ನಮಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಕೊಳ್ಳುವವರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ನಾವೇ ಹೇಳಬಹುದಲ್ವಾ? ಆದರೆ ಹೇಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಅಂದಾಜು ಇಬ್ಬರಿಗೂ ಇರಲಿಲ್ಲ.

ಮೊದಲ ವಾರ ಎಲ್ಲರಿಗೂ ಕೈಯಲ್ಲೇ ಟೈಪ್ ಮಾಡಿದೆ. ಹಗಲು ಆಫೀಸು, ಫೋನ್ ಮುಟ್ಟುವ ಹಾಗಿಲ್ಲ. ರಾತ್ರಿ ಊಟ ಮುಗಿಸಿ ಕೂತರೆ ಹನ್ನೊಂದು ಗಂಟೆ ಆಗುತ್ತಿತ್ತು. ಒಬ್ಬರು ಬೆಳಿಗ್ಗೆ ಹತ್ತಕ್ಕೆ ತುಂಬ ಚೆನ್ನಾಗಿ ಬರೆದಿದ್ದರು: ಇಬ್ಬರು ಮಕ್ಕಳು, ಮೂರು ತಿಂಗಳೊಳಗೆ ಮನೆ ಬದಲಾಯಿಸಬೇಕು, ಸಾಲ ಮಂಜೂರಾಗಿದೆ, ಇವತ್ತೇ ಬಂದು ನೋಡಬಹುದಾ? ನಾನು ಉತ್ತರ ಬರೆದಿದ್ದು ರಾತ್ರಿ ಒಂಬತ್ತೂವರೆಗೆ. “ಸಾರಿ ಮೇಡಂ, ಮಧ್ಯಾಹ್ನ ಇನ್ನೊಂದು ಮನೆ ನೋಡಿ ಮಾತಾಡಿಕೊಂಡು ಬಂದ್ವಿ” ಅಂದರು. ಅಂಥವರೇ ನಮಗೆ ಬೇಕಾಗಿದ್ದವರು. ಅವರ ಮೆಸೇಜು ಇಡೀ ದಿನ “ಹಾಯ್”ಗಳ ಅಡಿಯಲ್ಲಿ ಬಿದ್ದಿತ್ತು.

ಭಾನುವಾರ ನನ್ನ ತಮ್ಮ ಬಂದಿದ್ದ. ನಾನು ಒಂದೇ ಸಾಲನ್ನು ಮತ್ತೆ ಮತ್ತೆ ಟೈಪ್ ಮಾಡುವುದನ್ನು ಸ್ವಲ್ಪ ಹೊತ್ತು ನೋಡಿದ. “ಅಕ್ಕಾ, ಇದನ್ನ ಫೋನೇ ಮಾಡುತ್ತೆ. ನೀನ್ಯಾಕೆ ಮಾಡ್ತಿದ್ದೀಯ?” ಅಂದ. ಅವತ್ತು ಸಂಜೆ ಇಬ್ಬರೂ ಕೂತು ಎಲ್ಲ ಸೆಟ್ ಮಾಡಿದೆವು.

ಮೊದಲು ಒಂದು ಹೊಸ ಸಿಮ್. ಮನೆ ಮಾರುವುದಕ್ಕೇ ಬೇರೆ ನಂಬರ್ ಇಟ್ಟುಕೊಂಡಿದ್ದು ನಾವು ಮಾಡಿದ ಅತಿ ಒಳ್ಳೆಯ ಕೆಲಸ. ನಮ್ಮ ಸ್ವಂತ ನಂಬರ್ ಜಾಹೀರಾತಿನಲ್ಲಿ ಓಡಾಡಿದರೆ ಮನೆ ಮಾರಿದ ಮೇಲೂ ವರ್ಷಗಟ್ಟಲೆ ಕರೆ ಬರುತ್ತೆ. ಆ ಸಿಮ್ಮಿಗೆ ವಾಟ್ಸ್‌ಆಪ್ ಬಿಸಿನೆಸ್ ಹಾಕಿದ. ಅಂಗಡಿ ಇಟ್ಟವರಿಗೆ ಮಾತ್ರ ಅಂದುಕೊಂಡಿದ್ದೆ, ಹಾಗೇನಿಲ್ಲ. ಅದರಲ್ಲಿ ನಮಗೆ ಬೇಕಾದದ್ದು ಮೂರು. ಯಾರಾದರೂ ಮೊದಲ ಸಲ ಮೆಸೇಜ್ ಮಾಡಿದಾಗ ತಾನಾಗಿಯೇ ಹೋಗುವ ಸ್ವಾಗತದ ಮೆಸೇಜು. ನಾವು ಸಿಗದ ಹೊತ್ತಿನಲ್ಲಿ ಹೋಗುವ ಇನ್ನೊಂದು ಮೆಸೇಜು. ಇದಕ್ಕೆ ಹೊತ್ತು ನಾವೇ ಗೊತ್ತು ಮಾಡಬಹುದು. ಮೂರನೆಯದು ಕ್ವಿಕ್ ರಿಪ್ಲೈ. ಒಂದು ಓರೆಗೆರೆ ಒತ್ತಿ ಚಿಕ್ಕ ಪದ ಟೈಪ್ ಮಾಡಿದರೆ, ನಾವು ಮೊದಲೇ ಬರೆದಿಟ್ಟ ಉತ್ತರ ಪೂರ್ತಿ ಬರುತ್ತೆ. ಇಂಥವು 50ರವರೆಗೆ ಇಟ್ಟುಕೊಳ್ಳಬಹುದು. ಮೊದಲ ಎರಡು ನಮ್ಮನ್ನು ಕೇಳದೆ ಹೋಗುತ್ತವೆ. ಮೂರನೆಯದನ್ನು ನಾವು ಪ್ರಶ್ನೆ ಓದಿ, ಆರಿಸಿ ಕಳಿಸಬೇಕು. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನನಗೆ ಆಮೇಲೆ ತಿಳಿಯಿತು.

ಇಮೇಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಅದು ನಮಗೆ ಉಪಯೋಗಕ್ಕೆ ಬರಲಿಲ್ಲ. ಜಿಮೇಲ್‌ನಲ್ಲಿ ರಜೆಯಲ್ಲಿದ್ದಾಗ ತಾನಾಗಿಯೇ ಉತ್ತರ ಕೊಡುವ ಸೌಲಭ್ಯ ಇದೆಯಲ್ಲ, ಅದನ್ನು ಆನ್ ಮಾಡಿದ್ದೆವು. ಅದು ಒಂದೇ ವಿಳಾಸಕ್ಕೆ ನಾಲ್ಕು ದಿನಕ್ಕೆ ಒಂದು ಸಲ ಮಾತ್ರ ಉತ್ತರಿಸುತ್ತೆ. ಜಾಹೀರಾತಿನ ಜಾಲತಾಣದಿಂದ ಬರುವ ವಿಚಾರಣೆಗಳೆಲ್ಲ ಜಾಲತಾಣದ ಒಂದೇ ವಿಳಾಸದಿಂದ ಬರುತ್ತಿದ್ದವು. ಕೇಳಿದವರ ಇಮೇಲು, ನಂಬರು ಪತ್ರದ ಒಳಗೆ ಇರುತ್ತಿತ್ತು. ಹಾಗಾಗಿ ನಮ್ಮ ಉತ್ತರ ಆ ಜಾಲತಾಣಕ್ಕೆ ಹೋಗುತ್ತಿತ್ತೇ ಹೊರತು ಕೇಳಿದ ಮನುಷ್ಯರಿಗೆ ತಲುಪುತ್ತಲೇ ಇರಲಿಲ್ಲ. ಎರಡು ವಾರ ನಾವು ಎಲ್ಲರಿಗೂ ಉತ್ತರ ಹೋಗ್ತಿದೆ ಅಂತಲೇ ನಂಬಿದ್ದೆವು. ನೀವು ಇದನ್ನು ಮಾಡುವುದಾದರೆ, ಮೊದಲು ಮನೆಯವರೊಬ್ಬರ ಹೆಸರಿನಲ್ಲಿ ನಿಮ್ಮ ಜಾಹೀರಾತಿಗೆ ನೀವೇ ಒಂದು ವಿಚಾರಣೆ ಕಳಿಸಿ ನೋಡಿ. ಉತ್ತರ ಎಲ್ಲಿಗೆ ಬಂತು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತೆ.

ಈಗ ಮೆಸೇಜಿನಲ್ಲಿ ಏನು ಬರೆಯೋದು ಅನ್ನೋ ಮಾತು. ನನ್ನ ಮೊದಲ ಸ್ವಾಗತದ ಮೆಸೇಜು ಹದಿನೆಂಟು ಸಾಲು ಇತ್ತು. ಮನೆಯ ಅಳತೆ, ಯಾವ ದಿಕ್ಕಿಗೆ ಕಿಟಕಿ, ನೀರು ಎಲ್ಲಿಂದ, ಬಸ್ ನಿಲ್ದಾಣ ಎಷ್ಟು ದೂರ, ಎಲ್ಲ ತುಂಬಿದ್ದೆ. ಕೊನೆಯಲ್ಲಿ ಐದು ಪ್ರಶ್ನೆ: ಬಜೆಟ್ ಎಷ್ಟು, ಸಾಲ ಆಗಿದೆಯಾ, ಯಾವಾಗ ಬೇಕು, ಮನೆಯಲ್ಲಿ ಎಷ್ಟು ಜನ, ಏನು ಕೆಲಸ. ಯಾರೂ ಉತ್ತರ ಕೊಡಲಿಲ್ಲ. ಓದಿದವರೂ ಕಡಿಮೆ, ಯಾಕಂದರೆ ಅಷ್ಟೆಲ್ಲ ಬರೆದ ಮೇಲೂ “ಎಷ್ಟು ಬೆಡ್‌ರೂಮು?” ಅಂತಲೇ ಕೇಳುತ್ತಿದ್ದರು. ಒಬ್ಬ ಹಿರಿಯರು ಫೋನ್ ಮಾಡಿ, “ಅಮ್ಮಾ, ಮನೆ ನೋಡಬೇಕು ಅಂತ ಕೇಳಿದೆ. ನೀವು ಕೆಲಸಕ್ಕೆ ಇಂಟರ್‌ವ್ಯೂ ಮಾಡೋ ಹಾಗೆ ಕೇಳ್ತಿದ್ದೀರಲ್ಲ” ಅಂದರು. ಅವರಿಗೆ ಬೇಜಾರಾಗಿತ್ತು. ಅವರು ಹೇಳಿದ್ದು ಸರಿ. ಇನ್ನೂ ಮುಖ ನೋಡದವರ ಹತ್ತಿರ ಮನೆಯಲ್ಲಿ ಎಷ್ಟು ಜನ, ಏನು ಕೆಲಸ ಅಂತ ಕೇಳುವುದು ನಮಗೆ ಯಾಕೆ ಬೇಕು? ಇಂಥ ಕೆಲವು ಪ್ರಶ್ನೆಗಳ ಉತ್ತರ ನೋಡಿ ಜನರನ್ನು ದೂರ ಇಡುವುದು ಕೆಲವು ಕಡೆ ಕಾನೂನಿಗೇ ವಿರುದ್ಧ ಆಗಬಹುದು. ಆ ಸಾಲುಗಳನ್ನು ಅವತ್ತೇ ತೆಗೆದೆ.

ಎರಡನೇ ಸಲ ಬರೆಯುವಾಗ, ಬಂದ ಮೆಸೇಜುಗಳನ್ನೆಲ್ಲ ಮುಂದಿಟ್ಟುಕೊಂಡು, ಜನ ನಿಜವಾಗಿ ಏನು ಕೇಳ್ತಿದ್ದಾರೆ ಅಂತ ಒಂದು ಹಾಳೆಯಲ್ಲಿ ಗೆರೆ ಹಾಕಿ ಎಣಿಸಿದೆ. ಮನೆ ಇದೆಯಾ, ಎಷ್ಟು ಕೋಣೆ, ಬೆಲೆ ಎಷ್ಟು, ಯಾವಾಗ ನೋಡಬಹುದು. ಗೆರೆ ಬಿದ್ದಿದ್ದೆಲ್ಲ ಈ ನಾಲ್ಕರ ಮುಂದೆಯೇ. ಅಷ್ಟನ್ನೇ ಬರೆದೆ. ಕೊನೆಯಲ್ಲಿ ಒಂದೇ ಪ್ರಶ್ನೆ: “ಶನಿವಾರ, ಭಾನುವಾರ ಇವೆರಡರಲ್ಲಿ ನಿಮಗೆ ಯಾವ ದಿನ ಆಗುತ್ತೆ?”

ಈ ಒಂದು ಪ್ರಶ್ನೆ ಮಾಡಿದ ಕೆಲಸ ದೊಡ್ಡದು. ಸುಮ್ನೆ ಕೇಳಿದವರು ಅಲ್ಲಿಗೇ ಸುಮ್ಮನಾದರು. ನಿಜವಾಗಿ ಮನೆ ಬೇಕಾದವರು “ಶನಿವಾರ” ಅಂತ ಬರೆದರು. ಸಂಜೆ ನಾನು ಆ ಪಟ್ಟಿ ನೋಡಿದರೆ ಯಾರಿಗೆ ಮೊದಲು ಫೋನ್ ಮಾಡಬೇಕು ಅನ್ನೋದು ಗೊತ್ತಾಗುತ್ತಿತ್ತು. ಕೆಲವರು ದಿನ ಹೇಳದೆ, “ಮನೆ ನೋಡುವ ಅಗತ್ಯವೇ ಇಲ್ಲ, ಇವತ್ತೇ ಹಣ ಕಳಿಸ್ತೀವಿ, ನೀವು ನಿಜವಾದ ಮಾಲೀಕರಾ ಅಂತ ಗೊತ್ತಾಗಲಿ, ನಿಮ್ಮ ಫೋನಿಗೆ ಬಂದ ಆರು ಅಂಕಿ ಹೇಳಿ” ಅಂದರು. ಅದು ಮೋಸ. ಆ ಆರು ಅಂಕಿ ಕೊಟ್ಟರೆ ನಮ್ಮ ವಾಟ್ಸ್‌ಆಪ್ ಖಾತೆಯೇ ಅವರ ಕೈಗೆ ಹೋಗಬಹುದು. ಯಾರು ಏನೇ ಹೇಳಲಿ, ಆ ಅಂಕಿಗಳನ್ನು ಕೊಡಬೇಡಿ.

ಎರಡನೇ ವಾರಕ್ಕೆ ಎಲ್ಲ ಸಲೀಸಾಗಿ ನಡೀತಿದೆ ಅನ್ನಿಸಿತ್ತು. ಆಗ ಈ ಮೆಸೇಜು ಬಂತು.

ರಾತ್ರಿ 2 ಗಂಟೆ 10 ನಿಮಿಷಕ್ಕೆ ಬಂದದ್ದು. “ನಮಸ್ತೆ. ನನ್ನ ತಂದೆಗೆ ಪಾರ್ಶ್ವವಾಯು ಆಗಿದೆ, ವೀಲ್‌ಚೇರ್‌ನಲ್ಲಿ ಇದ್ದಾರೆ. ನಿಮ್ಮ ಮನೆಯ ಬಾಗಿಲುಗಳು ಎಷ್ಟು ಅಗಲ ಇವೆ ಅಂತ ಹೇಳಬಹುದಾ? ಮುಖ್ಯವಾಗಿ ಬಾತ್‌ರೂಮ್ ಬಾಗಿಲು.” ಅದರ ಕೆಳಗೇ, ಅದೇ ನಿಮಿಷದಲ್ಲಿ, ನನ್ನ ಹೆಸರಿನಲ್ಲಿ ಉತ್ತರ ಹೋಗಿತ್ತು: “ನಮಸ್ಕಾರ! ನಿಮ್ಮ ಆಸಕ್ತಿಗೆ ತುಂಬ ಧನ್ಯವಾದ! ಮನೆ ಇನ್ನೂ ಮಾರಾಟಕ್ಕಿದೆ.” ಮುಂದೆ ಕೋಣೆಗಳ ಲೆಕ್ಕ, ಕೊನೆಗೆ ಯಾವ ದಿನ ಬರ್ತೀರಿ ಅನ್ನೋ ಪ್ರಶ್ನೆ. ಅದರ ಕೆಳಗೆ ಅವರ ಇನ್ನೊಂದು ಸಾಲು. “ನಾನು ಕೇಳಿದ್ದು ಅದಲ್ಲ.”

ಬೆಳಿಗ್ಗೆ ಆರಕ್ಕೆ ಎದ್ದು ಅದನ್ನು ಓದಿದೆ. ಅಪ್ಪನ ಆರೈಕೆ ಮುಗಿಸಿ ಮಧ್ಯರಾತ್ರಿ ಮನೆ ಹುಡುಕುತ್ತಾ ಕೂತ ಹೆಂಗಸು. ಅವರಿಗೆ ನಾನು ಎಚ್ಚರವಾಗಿದ್ದು, ಓದಿಯೂ, ಕೇಳಿದ್ದನ್ನು ಬಿಟ್ಟು ಬೇರೇನೋ ಹೇಳಿದೆ ಅನ್ನಿಸಿರಬೇಕು. ಆ ಎರಡು ಆಶ್ಚರ್ಯಸೂಚಕ ಚಿಹ್ನೆಗಳನ್ನು ನೋಡಿ ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ಅಳತೆ ಟೇಪ್ ತಗೊಂಡು ಬಾಗಿಲುಗಳನ್ನು ಅಳೆದೆ. ಚೌಕಟ್ಟು ಅಳೆದರೆ ಸಾಲದು. ಬಾಗಿಲನ್ನು ಪೂರ್ತಿ ತೆರೆದು, ಹಲಗೆಯ ಮುಖದಿಂದ ಎದುರಿನ ಚೌಕಟ್ಟಿನವರೆಗೆ ಎಷ್ಟು ಖಾಲಿ ಉಳಿಯುತ್ತೆ ಅಂತ ನೋಡಬೇಕು. ಹಲಗೆಯ ದಪ್ಪ, ತಿರುಗಣೆ ಸೇರಿ ಒಂದೆರಡು ಇಂಚು ತಿಂದುಹಾಕುತ್ತೆ. ಮುಂಬಾಗಿಲು 36 ಇಂಚು ಸಿಕ್ಕಿತು. ಮಲಗುವ ಕೋಣೆ 33. ಬಾತ್‌ರೂಮ್ 26. ಸಾಮಾನ್ಯ ವೀಲ್‌ಚೇರ್ ಸುಮಾರು 25ರಿಂದ 27 ಇಂಚು ಅಗಲ ಇರುತ್ತೆ. ಚಕ್ರ ತಿರುಗಿಸುವ ಕೈ ಉಜ್ಜದೆ ಆರಾಮಾಗಿ ಹೋಗಲು 32 ಇಂಚಾದರೂ ಖಾಲಿ ಬೇಕು. ಬಾತ್‌ರೂಮ್ ಬಾಗಿಲಿನ ಎರಡೂ ಪಕ್ಕ ಗಟ್ಟಿ ಗೋಡೆ. ಅಗಲ ಮಾಡುವುದು ಸಣ್ಣ ಕೆಲಸ ಅಲ್ಲ.

ಟೇಪ್ ಹಿಡಿದ ಹಾಗೇ ಮೂರೂ ಬಾಗಿಲಿನ ಫೋಟೋ ತೆಗೆದು ಕಳಿಸಿದೆ. ರಾತ್ರಿ ಹೋದ ಉತ್ತರ ಯಂತ್ರದ್ದು, ನಾನು ಓದಿದ್ದು ಈಗ, ಕ್ಷಮಿಸಿ ಅಂತ ಬರೆದೆ. ಬಾತ್‌ರೂಮಿಗೆ ವೀಲ್‌ಚೇರ್ ಹೋಗುವುದಿಲ್ಲ, ಗೋಡೆ ಒಡೆಸದೆ ಆಗದು ಅಂತಲೂ ಬರೆದೆ. ಅವರು ಹತ್ತು ನಿಮಿಷದಲ್ಲಿ ಉತ್ತರಿಸಿದರು. “ನೀವು ಹೇಳಿದ್ದು ಒಳ್ಳೇದಾಯ್ತು. ಅಪ್ಪನ್ನ ಕರ್ಕೊಂಡು ಬಂದು ನೋಡೋದು ತಪ್ಪಿತು. ಆರು ಮನೆಗೆ ಕೇಳಿದ್ದೆ, ಅಳತೆ ಕೊಟ್ಟಿದ್ದು ನೀವೊಬ್ಬರೇ.”

ಅವತ್ತೇ ಎಲ್ಲ ಮೆಸೇಜಿನ ಮೊದಲ ಸಾಲು ಬದಲಾಯಿಸಿದೆ. ಕೊನೆಗೆ ಉಳಿದ ರೂಪ ಇದು:

“ನಮಸ್ಕಾರ. ಇದು ತಾನಾಗಿಯೇ ಹೋಗುವ ಮೆಸೇಜು. ನಿಮ್ಮ ಪ್ರಶ್ನೆಯನ್ನು ನಾನು ಇನ್ನೂ ಓದಿಲ್ಲ. ಮನೆ ಇನ್ನೂ ಮಾರಾಟಕ್ಕಿದೆ. ಮೂರು ಬೆಡ್‌ರೂಮು, ಎರಡು ಬಾತ್‌ರೂಮು, ಒಂದು ಕಾರಿಗೆ ಜಾಗ. ಬೆಲೆ ಜಾಹೀರಾತಿನಲ್ಲಿ ಇರುವುದೇ. ಮನೆ ತೋರಿಸುವುದು ಶನಿವಾರ, ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ. ನಿಮಗೆ ಯಾವ ದಿನ ಆಗುತ್ತೆ? ಬೇರೆ ಏನಾದರೂ ಕೇಳಿದ್ದರೆ ನಾನೇ ಓದಿ, ರಾತ್ರಿ 8ರಿಂದ 9ರ ಒಳಗೆ ಉತ್ತರ ಬರೆಯುತ್ತೇನೆ.”

“ಇನ್ನೂ ಓದಿಲ್ಲ” ಅಂತ ಬರೆಯಲು ಮೊದಲು ಹಿಂಜರಿದಿದ್ದೆ. ಅಸಡ್ಡೆ ಅನ್ನಿಸಬಹುದು ಅಂತ ನಮ್ಮ ಮನೆಯವರೂ ಅಂದರು. ಆದದ್ದು ಬೇರೆ. ಜನ ಧೈರ್ಯವಾಗಿ ನಿಜವಾದ ಪ್ರಶ್ನೆ ಕೇಳಲು ಶುರು ಮಾಡಿದರು. ಪಕ್ಕದ ಮನೆಯಿಂದ ಸದ್ದು ಬರುತ್ತಾ, ಮಳೆಗಾಲದಲ್ಲಿ ಎಲ್ಲಾದರೂ ಸೋರುತ್ತಾ, ಮಧ್ಯಾಹ್ನ ಯಾವ ಕೋಣೆಗೆ ಬಿಸಿಲು ಬರುತ್ತೆ. ಓದುವವರು ಒಬ್ಬರು ಇದ್ದಾರೆ, ಎಂಟು ಗಂಟೆಗೆ ಬರ್ತಾರೆ ಅಂತ ಗೊತ್ತಾದರೆ ಕಾಯುತ್ತಾರೆ. ಆದರೆ ಎಂಟು ಅಂದರೆ ಎಂಟಕ್ಕೇ ಕೂರಬೇಕು. ಮೊದಲು “ಇವತ್ತು ರಾತ್ರಿ” ಅಂತ ಬರೆದಿದ್ದೆ. ಹನ್ನೊಂದಕ್ಕೆ ಬರೆದವರಿಗೆ ಅದು ಸುಳ್ಳಾಗುತ್ತಿತ್ತು, ಅದಕ್ಕೇ “ಇವತ್ತು” ತೆಗೆದದ್ದು.

“ಬೆಲೆ ಜಾಹೀರಾತಿನಲ್ಲಿ ಇರುವುದೇ” ಅನ್ನುವ ಸಾಲಿಗೂ ಕಾರಣ ಇದೆ. ಒಂದು ಹಂತದಲ್ಲಿ ನಾವು ಬೆಲೆ ಇಳಿಸಿದೆವು. ಜಾಹೀರಾತಿನಲ್ಲಿ ಬದಲಾಯಿಸಿದೆ, ಮೆಸೇಜಿನಲ್ಲಿ ಮರೆತೆ. ಮೂರು ದಿನ ಎರಡು ಬೆಲೆ ಓಡಾಡಿದವು, ಒಬ್ಬರು ನೇರವಾಗಿಯೇ “ಯಾವುದು ನಿಜ?” ಅಂತ ಕೇಳಿದರು. ಬದಲಾಗುವ ಅಂಕಿಯನ್ನು ಒಂದೇ ಕಡೆ ಇಡಬೇಕು, ಉಳಿದ ಕಡೆಯೆಲ್ಲ ಅಲ್ಲಿಗೆ ಬೆರಳು ತೋರಿಸಬೇಕು.

ಇನ್ನೊಂದು ತಪ್ಪು ನನ್ನನ್ನು ತುಂಬ ಹೆದರಿಸಿತು. ನಾಲ್ಕು ದಿನ ಸಂಬಂಧಿಕರ ಮನೆಗೆ ಹೋಗಬೇಕಿತ್ತು. “ನಾವು ಊರಲ್ಲಿಲ್ಲ, ಸೋಮವಾರ ಬಂದು ಉತ್ತರಿಸುತ್ತೇವೆ” ಅಂತ ಹಾಕಿ ಹೊರಟೆ. ದಾರಿಯಲ್ಲಿ ತಮ್ಮ ಫೋನ್ ಮಾಡಿದ. “ಅಕ್ಕಾ, ಮನೆ ಫೋಟೋ ಎಲ್ಲ ಜಾಹೀರಾತಿನಲ್ಲಿದೆ, ಬಾಗಿಲು ಎಲ್ಲಿ ಕಿಟಕಿ ಎಲ್ಲಿ ಅಂತ ಎಲ್ಲರಿಗೂ ಗೊತ್ತು. ಈಗ ಮನೆ ಖಾಲಿ ಇದೆ ಅಂತನೂ ನೀನೇ ಹೇಳ್ತಿದ್ದೀಯ.” ವಾಹನ ನಿಲ್ಲಿಸಿ ಅಲ್ಲೇ ಅಳಿಸಿದೆ. ಅದಾದ ಮೇಲೆ ಮೆಸೇಜಿನಲ್ಲಿ ನಾವು ಎಲ್ಲಿದ್ದೇವೆ ಅನ್ನೋ ಮಾತೇ ಇಲ್ಲ; ಉತ್ತರ ಯಾವಾಗ ಸಿಗುತ್ತೆ ಅನ್ನೋದಷ್ಟೇ. ಪೂರ್ತಿ ವಿಳಾಸವನ್ನೂ ತಾನಾಗಿಯೇ ಹೋಗುವ ಮೆಸೇಜಿನಲ್ಲಿ ಹಾಕಲಿಲ್ಲ. ಬಡಾವಣೆ ಯಾವುದು ಅಂತ ಸಾಕು. ಮನೆ ನಂಬರು, ಒಂದು ಸಲ ಮಾತಾಡಿ ದಿನ ಗೊತ್ತಾದ ಮೇಲೆ.

ಸ್ವಾಗತದ ಮೆಸೇಜಿನ ಬಗ್ಗೆ ಇನ್ನೊಂದು ಗೊತ್ತಿರಲಿ. ಅದು ಮೊದಲ ಸಲಕ್ಕೆ ಮಾತ್ರ ಅಲ್ಲ, 14 ದಿನ ಮಾತುಕತೆ ಇಲ್ಲದಿದ್ದವರು ಮತ್ತೆ ಬರೆದಾಗಲೂ ಹೋಗುತ್ತೆ. ಎರಡು ಸಲ ಬಂದು ಮನೆ ನೋಡಿ, ಬೆಲೆ ಮಾತಾಡಿ, ಯೋಚಿಸಿ ಹೇಳ್ತೀವಿ ಅಂದಿದ್ದ ದಂಪತಿ ಹದಿನಾರನೇ ದಿನ ಬರೆದರು. ಅವರಿಗೆ “ಮೂರು ಬೆಡ್‌ರೂಮು, ಎರಡು ಬಾತ್‌ರೂಮು” ಅಂತ ಹೋಯಿತು. ಈ ನಿಯಮ ಮೊದಲೇ ಓದಿಕೊಳ್ಳದಿದ್ದದ್ದು ನನ್ನ ತಪ್ಪು. ನಾನು ಕೂಡಲೇ ಫೋನ್ ಮಾಡಿ ವಿಷಯ ಹೇಳಿದೆ. ಆಮೇಲೆ ಮನೆಗೆ ಬಂದು ಹೋದ ಪ್ರತಿಯೊಬ್ಬರ ನಂಬರ್ ಸೇವ್ ಮಾಡಿ, ಫೋನಿನಲ್ಲಿ ಇಲ್ಲದ ನಂಬರುಗಳಿಗೆ ಮಾತ್ರ ತಾನಾಗಿಯೇ ಉತ್ತರ ಹೋಗುವ ಹಾಗೆ ಬದಲಾಯಿಸಿದೆ. ಆ ಆಯ್ಕೆ ಅಲ್ಲೇ ಇತ್ತು.

ತಮ್ಮನಿಗೆ ಎಐ ಮೇಲೆ ಆಸೆ. “ಮನೆ ವಿವರ ಎಲ್ಲ ಅದಕ್ಕೆ ಕೊಟ್ಟುಬಿಡೋಣ, ಯಾರು ಏನು ಕೇಳಿದರೂ ಅದೇ ಉತ್ತರ ಹೇಳುತ್ತೆ” ಅಂದ. ಯಾರಿಗೂ ಕಳಿಸದೆ ನಾವೇ ಕೂತು ಪರೀಕ್ಷೆ ಮಾಡಿದೆವು. ಕೋಣೆ, ಅಳತೆ ಎಲ್ಲ ಸರಿಯಾಗಿ ಹೇಳಿತು, ನನಗಿಂತ ಚೆಂದವಾಗಿ. “ಮಳೆಗಾಲದಲ್ಲಿ ಸೋರುತ್ತಾ?” ಅಂತ ಕೇಳಿದೆ. “ಇಲ್ಲ, ಛಾವಣಿ ಒಳ್ಳೆಯ ಸ್ಥಿತಿಯಲ್ಲಿದೆ, ಯಾವುದೇ ಸಮಸ್ಯೆ ಇಲ್ಲ” ಅಂದಿತು. ನಾವು ಛಾವಣಿ ಬಗ್ಗೆ ಒಂದು ಮಾತೂ ಕೊಟ್ಟಿರಲಿಲ್ಲ. ನಿಜ ಏನಂದರೆ, ಮೂರು ವರ್ಷದ ಹಿಂದೆ ಹಿಂದಿನ ಕೋಣೆಯ ಮೂಲೆ ಸೋರಿತ್ತು, ರಿಪೇರಿ ಮಾಡಿಸಿದ್ದೆವು. ಯಂತ್ರ ಹೇಳಿದ ಸುಳ್ಳನ್ನು ನನ್ನ ನಂಬರಿನಿಂದ ಯಾರಾದರೂ ಓದಿ ನಂಬಿದ್ದರೆ? 2024ರಲ್ಲಿ ಕೆನಡಾದಲ್ಲಿ ಒಂದು ವಿಮಾನ ಕಂಪನಿಯ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅದಕ್ಕೆ ಕಂಪನಿಯೇ ಹೊಣೆ ಅಂತ ಅಲ್ಲಿನ ನ್ಯಾಯಮಂಡಳಿ ಪರಿಹಾರ ಕೊಡಿಸಿತು. ಮನೆ ಮಾರುವಾಗ ಬರೆದು ಕೊಟ್ಟ ಮಾತಿನ ತೂಕ ಇನ್ನೂ ಜಾಸ್ತಿ. ನಾನು ಅದನ್ನು ಅಲ್ಲಿಗೇ ಬಿಟ್ಟೆ. ನಾನು ಬರೆದದ್ದನ್ನು ಚಿಕ್ಕದು ಮಾಡಿಕೊಡು ಅಂತ ಕೇಳುವುದಕ್ಕೆ ಮಾತ್ರ ಬಳಸಿದೆ.

ಬದಲಿಗೆ ಕ್ವಿಕ್ ರಿಪ್ಲೈಗಳು ಬೆಳೆದವು. ಹೊಸ ಪ್ರಶ್ನೆ ಬಂದಾಗಲೆಲ್ಲ ಹೋಗಿ ನೋಡಿ, ಅಳೆದು, ಸರಿಯಾದ ಉತ್ತರ ಬರೆದು ಅದಕ್ಕೆ ಸೇರಿಸುತ್ತಿದ್ದೆ. ಸೋರಿದ ಮೂಲೆಯ ಬಗ್ಗೆ ಒಂದು, ಯಾವಾಗ ರಿಪೇರಿ ಆಯಿತು, ಆಮೇಲೆ ಎರಡು ಮಳೆಗಾಲ ಹೇಗಿತ್ತು ಅನ್ನೋದರ ಜೊತೆ. ಬಾಗಿಲುಗಳ ಅಗಲ ಒಂದು. ಮೆಟ್ಟಿಲು ಎಷ್ಟು, ಎಷ್ಟು ಎತ್ತರ. ಮಧ್ಯಾಹ್ನದ ಬಿಸಿಲು. ಒಟ್ಟು 27 ಆದವು. ಎರಡಕ್ಕೆ ಮಾತ್ರ ಸಿದ್ಧ ಉತ್ತರ ಇಡಲಿಲ್ಲ. ಒಂದು, ಯಾಕೆ ಮಾರ್ತಿದ್ದೀರಿ ಅನ್ನೋದು. ಇನ್ನೊಂದು, ಲಾಸ್ಟ್ ಎಷ್ಟು ಅನ್ನೋದು. ಬೆಲೆ ಇಳಿಸುವ ಮಾತು ಮನೆ ನೋಡಿದವರ ಹತ್ತಿರ, ಎದುರು ಕೂತು ಆಡಬೇಕು.

ಬರ್ತೀನಿ ಅಂದು ಬಾರದವರ ಕಾಟಕ್ಕೆ ತಾನಾಗಿಯೇ ಹೋಗುವ ಮೆಸೇಜು ಏನೂ ಮಾಡಲಿಲ್ಲ. ಹಿಂದಿನ ರಾತ್ರಿ ನಾನೇ ಹೆಸರು ಹಿಡಿದು “ನಾಳೆ ಹನ್ನೊಂದಕ್ಕೆ ಬರ್ತೀರಲ್ವಾ?” ಅಂತ ಬರೆದ ಮೇಲೆ ಕಡಿಮೆ ಆಯಿತು.

ಮೂರನೇ ತಿಂಗಳ ಕೊನೆಗೆ ಮನೆ ಮಾರಾಟವಾಯಿತು. ತಗೊಂಡವರು ಆ ಹದಿನಾರನೇ ದಿನದ ದಂಪತಿಯೇ. ಮುಂಗಡ ಕೈಗೆ ಬಂದ ದಿನವೇ ಮೆಸೇಜನ್ನು “ಮನೆ ಮಾರಾಟವಾಗಿದೆ, ವಿಚಾರಿಸಿದ್ದಕ್ಕೆ ಧನ್ಯವಾದ” ಅಂತ ಬದಲಾಯಿಸಿದೆ. ಮನೆಗೆ ಬಂದು ನೋಡಿ ಹೋಗಿದ್ದ 19 ಜನಕ್ಕೆ ಮಾತ್ರ ಒಬ್ಬೊಬ್ಬರಿಗೇ ಬರೆದೆ. ಅವರು ಒಂದು ದಿನ ನಮಗೋಸ್ಕರ ತೆಗೆದಿಟ್ಟು ಬಂದವರು. ಜಾಹೀರಾತು ತೆಗೆದರೂ ಇನ್ನೂ ಒಂದು ತಿಂಗಳು “ಇದೆಯಾ?” ಬರುತ್ತಲೇ ಇತ್ತು. ಫೋನ್ ಚಾರ್ಜಿಗೆ ಹಾಕಿ, ಇಂಟರ್ನೆಟ್ ಆನ್ ಇಟ್ಟು ಬಿಟ್ಟಿದ್ದೆ. ನೆಟ್ ಇಲ್ಲದಿದ್ದರೆ ಆ ಮೆಸೇಜು ಹೋಗುವುದಿಲ್ಲ.

ಬೀಗದ ಕೈ ಕೊಡುವ ಹಿಂದಿನ ದಿನ ಆ 27 ಉತ್ತರಗಳನ್ನೂ ಒಂದು ಹಾಳೆಗೆ ಇಳಿಸಿ ಹೊಸಬರಿಗೆ ಕೊಟ್ಟೆ. ನೀರಿನ ವಾಲ್ವ್ ಎಲ್ಲಿದೆ, ಯಾವ ಸ್ವಿಚ್ ಯಾವುದಕ್ಕೆ ಅನ್ನೋದನ್ನೂ ಕೊನೆಗೆ ಸೇರಿಸಿದೆ. ಎರಡು ತಿಂಗಳಾದ ಮೇಲೆ, ಮಳೆ ಶುರುವಾದ ವಾರ, ಆ ಮನೆಯಾಕೆ ಮೆಸೇಜ್ ಮಾಡಿದರು. “ಹಾಳೆಯಲ್ಲಿ ಇದೊಂದು ಇಲ್ಲ ಮೇಡಂ. ಹಿಂಬಾಗಿಲು ಮಳೆಗೆ ಉಬ್ಬಿ ಬಿಗಿಯಾಗಿದೆ. ನೀವು ಹೇಗೆ ತೆಗೀತಿದ್ರಿ?”

ನಾನು ಆಫೀಸಿನಲ್ಲಿದ್ದೆ. ಹೊರಗೆ ಬಂದು ಬರೆದೆ: “ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿ, ಕೆಳಗಡೆ ಮೊಣಕಾಲಿನಿಂದ ತಳ್ಳಿ.”